ಮನೆ ಕಂಪ್ಯೂಟರಿಗೆ ಮೊದಲು ಮಾಡಬೇಕಾದ ಕೆಲಸಗಳು

ಸಾಗರದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಬರುವವರದು ಒಂದೇ ಮಾತು: 'ನಮ್ಮ ಕಂಪ್ಯೂಟರಲ್ಲಿ ಕದಿಯೋಕೆ ಏನಿದೆ ಮಾರಾಯ್ರೇ?' ಹ್ಯಾಕರ್ ನಿಮ್ಮನ್ನೇ ಹುಡುಕಿಕೊಂಡು ಬರಬೇಕಿಲ್ಲ. ಅವನ ಪ್ರೋಗ್ರಾಮ್ ಸಾವಿರಾರು ಯಂತ್ರಗಳನ್ನು ತಡವುತ್ತಾ ಹೋಗುತ್ತದೆ. ಸಂದು ಸಿಕ್ಕಲ್ಲಿ ಒಳಗೆ ನುಗ್ಗುತ್ತದೆ.

ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ 2017ರ ಮೇ ತಿಂಗಳಲ್ಲಿ ಹರಡಿದ್ದು ಹೀಗೇ. ಆ ಸಂದು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಾಗಾಗಿ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ, ವಿಂಡೋಸ್ ಅಪ್‌ಡೇಟ್ ತೆರೆದು, ಬಾಕಿ ಇರುವುದನ್ನೆಲ್ಲ ಹಾಕಿಕೊಳ್ಳಿ. ಇನ್ನೂ ವಿಂಡೋಸ್ 7 ಇದೆಯಾ? ಅದಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿತು, ಅಂದರೆ ಸಂದು ಮುಚ್ಚುವ ಅಪ್‌ಡೇಟ್ ಬರುವುದಿಲ್ಲ. ಅದರಲ್ಲಿ ಬ್ಯಾಂಕಿನ ಕೆಲಸ ಬೇಡವೇ ಬೇಡ.

ಆಮೇಲೆ ರೂಟರ್, ಅಂದರೆ ಮನೆಯಲ್ಲಿ ಇಂಟರ್ನೆಟ್ ಹಂಚುವ ಪೆಟ್ಟಿಗೆ. ಬ್ರೌಸರಿನಲ್ಲಿ 192.168.1.1 ಹಾಕಿ (ಕೆಲವಕ್ಕೆ ಬೇರೆ ನಂಬರ್ ಇರುತ್ತದೆ, ಅಡಿಯ ಚೀಟಿ ನೋಡಿ). ಹೆಸರು, ಪಾಸ್‌ವರ್ಡ್ ಎರಡೂ 'ಅಡ್ಮಿನ್' ಅಂತಿದ್ದರೆ ಈಗಲೇ ಪಾಸ್‌ವರ್ಡ್ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ಎರಡೂ ಒಂದೇ ಅಂದುಕೊಂಡವರೇ ಜಾಸ್ತಿ.

ಕಂಪ್ಯೂಟರಿನಲ್ಲಿ ಮಕ್ಕಳ ಖಾತೆಗೆ ಅಡ್ಮಿನ್ ಅಧಿಕಾರ (ಏನು ಬೇಕಾದರೂ ಹಾಕುವ, ಬದಲಿಸುವ ಅಧಿಕಾರ) ಬೇಡ. ಇನ್ನು ಕ್ರ್ಯಾಕ್ ಮಾಡಿದ (ದುಡ್ಡು ಕೊಡದೆ ಬಳಸಲು ಬೀಗ ಮುರಿದ) ಫೋಟೋಶಾಪ್ ಹಾಕಿಕೊಂಡು ಬರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. 'ಆಂಟಿವೈರಸ್ ಆಫ್ ಮಾಡಿ' ಅಂತ ಅದೇ ಕೇಳುತ್ತದೆ, ಇವರು ಸುಮ್ನೆ ಮಾಡಿಬಿಡುತ್ತಾರೆ!

ಫೋಟೋ, ಜಮೀನಿನ ಕಾಗದಪತ್ರ ಎಲ್ಲ ಹೊರಗಿನಿಂದ ಚುಚ್ಚುವ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ವೈರ್ ಕಿತ್ತು ಬೀರುವಿನಲ್ಲಿಡಿ. ಚುಚ್ಚಿಯೇ ಇಟ್ಟರೆ ಅದಕ್ಕೂ ವೈರಸ್ ಬೀಗ ಹಾಕಬಹುದು. ಖಾತೆಯಿಂದ ದುಡ್ಡು ಹೋದರೆ ಅಂಗಡಿಗೆ ಬರಬೇಡಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.