ಋತು ಬದಲಾದಾಗ ಊಟ, ದಿನಚರಿ ಬದಲಿಸುವುದು ಹೇಗೆ?

ಋತುವಿಗೆ ತಕ್ಕಂತೆ ಬದುಕಬೇಕು ಅಂದ ಕೂಡಲೇ ಹೆಚ್ಚಿನವರು ಕೇಳುವುದು ಪಟ್ಟಿ. ಬೇಸಿಗೆಗೆ ಏನು, ಚಳಿಗೆ ಏನು ಅಂತ. ಅಂಥ ಪಟ್ಟಿ ಎಲ್ಲ ಕಡೆಗೂ ಹೊಂದುವುದಿಲ್ಲ. ಉತ್ತರಾರ್ಧ ಗೋಳದಲ್ಲಿ ಜೂನ್ ಬೇಸಿಗೆ, ದಕ್ಷಿಣಾರ್ಧದಲ್ಲಿ ಅದೇ ತಿಂಗಳು ಚಳಿಗಾಲ. ಭೂಮಧ್ಯರೇಖೆಯ ಹತ್ತಿರ ಹಗಲು ವರ್ಷವಿಡೀ ಸುಮಾರು 12 ಗಂಟೆ. ಅಲ್ಲಿ ಋತು ಅಂದರೆ ಮುಖ್ಯವಾಗಿ ಮಳೆ ಇದೆಯೋ ಇಲ್ಲವೋ ಅನ್ನುವುದು. ಹಾಗಾಗಿ ತಿಂಗಳ ಹೆಸರು ಬಿಡಿ. ಬೆಳಕು ಎಷ್ಟಿದೆ, ಬಿಸಿ ಎಷ್ಟಿದೆ, ಗಾಳಿಯಲ್ಲಿ ತೇವ ಎಷ್ಟಿದೆ, ಈ ಮೂರನ್ನು ನೋಡಿ.

1. ಒಂದು ವಾರ ಸುಮ್ನೆ ಗಮನಿಸಿ

ಸೂರ್ಯ ಹುಟ್ಟುವ, ಮುಳುಗುವ ಹೊತ್ತು, ಮಧ್ಯಾಹ್ನದ ತಾಪಮಾನ ಎಲ್ಲವೂ ಫೋನಿನಲ್ಲೇ ಸಿಗುತ್ತವೆ. ಬರೆದಿಡಿ. ಪಕ್ಕದಲ್ಲೇ ನಿಮಗೆ ಯಾವಾಗ ನಿದ್ದೆ ಬರುತ್ತದೆ, ಯಾವಾಗ ಹಸಿವಾಗುತ್ತದೆ ಅಂತಲೂ ಬರೆಯಿರಿ. ಈ ವಾರ ಏನನ್ನೂ ಬದಲಿಸಬೇಡಿ.

2. ಊಟಕ್ಕೆ ಮೊದಲು ಬೆಳಕು ಸರಿಮಾಡಿಕೊಳ್ಳಿ

ಎಲ್ಲರೂ ತಟ್ಟೆಯಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಕಿಟಕಿಯಿಂದ ಶುರು ಮಾಡಬೇಕು. ನಿದ್ದೆ, ಹಸಿವು, ಚುರುಕುತನಗಳ ಹೊತ್ತನ್ನು ನಿರ್ಧರಿಸುವ ಗಡಿಯಾರ ಮೆದುಳಿನೊಳಗಿದೆ. ಅದನ್ನು ದಿನವೂ ಸರಿಹೊಂದಿಸುವುದು ಕಣ್ಣಿಗೆ ಬೀಳುವ ಬೆಳಕು. ದೀಪ ಹಾಕಿದ ಕಚೇರಿಯಲ್ಲಿ ಬೆಳಕು ಸಾಮಾನ್ಯವಾಗಿ 300ರಿಂದ 500 ಲಕ್ಸ್ (ಬೆಳಕನ್ನು ಅಳೆಯುವ ಮಾನ). ಮೋಡ ಕವಿದ ಹಗಲಿನಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಒಳಗೆ ಕೂತು ಬಲ್ಬು ಜಾಸ್ತಿ ಮಾಡಿದರೆ ಇದಕ್ಕೆ ಸಮ ಆಗುವುದಿಲ್ಲ.

ಹಗಲು ಚಿಕ್ಕದಾಗುವ ತಿಂಗಳುಗಳಲ್ಲಿ, ಬೆಳಕು ಹರಿದ ಮೇಲೆ ಆದಷ್ಟು ಬೇಗ ಅರ್ಧ ಗಂಟೆ ಹೊರಗೆ ನಡೆಯಿರಿ. ಹಗಲು ಉದ್ದವಾದಾಗ ಇದಕ್ಕೆ ಉಲ್ಟಾ ಸಮಸ್ಯೆ. 50 ಡಿಗ್ರಿ ಅಕ್ಷಾಂಶದಲ್ಲಿ ಚಳಿಗಾಲದ ಅತಿ ಚಿಕ್ಕ ಹಗಲು ಸುಮಾರು 8 ಗಂಟೆ, ಬೇಸಿಗೆಯ ಅತಿ ಉದ್ದದ ಹಗಲು 16 ಗಂಟೆ. ಅಂಥ ಕಡೆ ಬೇಸಿಗೆಯಲ್ಲಿ ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ. ಮಲಗುವ ಒಂದು ಗಂಟೆ ಮೊದಲೇ ದೀಪ ಮಂಕು ಮಾಡಿ.

ವಿಟಮಿನ್ ಡಿ ಬಗ್ಗೆ ಒಂದು ಸುಲಭ ಅಳತೆ ಇದೆ. ನಿಮ್ಮ ನೆರಳು ನಿಮಗಿಂತ ಉದ್ದವಾಗಿದ್ದರೆ ಸೂರ್ಯ ಕೆಳಗಿದ್ದಾನೆ ಅಂತ ಅರ್ಥ. ಆಗ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ತೀರಾ ಕಡಿಮೆ. ಪ್ರತಿ ವರ್ಷ ಚಳಿಗಾಲದಲ್ಲೇ ಮನಸ್ಸು ಕುಗ್ಗಿ, ಕೆಲಸವೇ ಬೇಡ ಅನ್ನಿಸುತ್ತಿದ್ದರೆ ಸೋಮಾರಿತನ ಅಂತ ತಳ್ಳಿಹಾಕಬೇಡಿ. ಋತುವಿಗೆ ಅಂಟಿಕೊಂಡ ಈ ಖಿನ್ನತೆಯನ್ನು ವೈದ್ಯರು 1984ರಲ್ಲೇ ವಿವರಿಸಿದ್ದಾರೆ. 10,000 ಲಕ್ಸ್ ದೀಪದ ಚಿಕಿತ್ಸೆಯೂ ಇದೆ. ಆದರೆ ವೈದ್ಯರನ್ನು ಕೇಳಿಯೇ ಬಳಸಿ.

3. ಈಗ ತರಕಾರಿ ಕಡೆ ಬನ್ನಿ

ಯಾವುದು ಈ ಋತುವಿನದು ಅಂತ ಗೊತ್ತಾಗುವುದು ಹೇಗೆ? ರಾಶಿರಾಶಿ ಬಂದಿರುತ್ತದೆ, ಎಲ್ಲ ಅಂಗಡಿಗಳಲ್ಲೂ ಇರುತ್ತದೆ, ಕೆಲವು ವಾರಗಳ ಹಿಂದಿಗಿಂತ ಅಗ್ಗವಾಗಿರುತ್ತದೆ. ಇಷ್ಟು ಸಾಕು. ವಾರಕ್ಕೆ ಎರಡು ತರಕಾರಿ, ಒಂದು ಹಣ್ಣು ಹೀಗೆ ನೋಡಿ ಕೊಳ್ಳಿ. ಉಳಿದದ್ದು ಮಾಮೂಲಿ ಇರಲಿ.

ಇದರ ಲಾಭ ಮುಖ್ಯವಾಗಿ ತಾಜಾತನದ್ದು. ಸೊಪ್ಪನ್ನು ಕಿತ್ತ ಮೇಲೆ ಅದರ ವಿಟಮಿನ್ ಸಿ ಬೇಗ ಇಳಿಯುತ್ತದೆ, ಸೆಕೆಯಲ್ಲಂತೂ ಇನ್ನೂ ಬೇಗ. ಹಾಗಂತ ಹಟ ಬೇಡ. ಕೊಯ್ದ ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟಿಸಿದ ಬಟಾಣಿ, ನಾಲ್ಕು ದಿನ ಬಾಡಿದ ‘ತಾಜಾ’ ಬಟಾಣಿಗಿಂತ ಮೇಲು. ಒಣ ಬೇಳೆಕಾಳಿಗೆ ಋತುವಿನ ಹಂಗೇ ಇಲ್ಲ. ಋತು ಬದಲಾದಾಗ ದೇಹ ‘ಶುದ್ಧಿ’ ಮಾಡುವ ಜ್ಯೂಸುಗಳ ಜಾಹೀರಾತು ಬರುತ್ತವಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಆ ಕೆಲಸವನ್ನು ಲಿವರು, ಕಿಡ್ನಿ ಎಲ್ಲ ಕಾಲದಲ್ಲೂ ಮಾಡುತ್ತಲೇ ಇರುತ್ತವೆ.

4. ಸಾಮಾನು ಅದೇ, ಅಡುಗೆ ಬೇರೆ

ಒಂದೇ ಕ್ಯಾರೆಟ್ ಸೆಕೆಯಲ್ಲಿ ಹಸಿಯಾಗಿ ತುರಿದರೆ ಚೆಂದ, ಚಳಿಯಲ್ಲಿ ಕಾಳಿನ ಜೊತೆ ನಿಧಾನಕ್ಕೆ ಬೇಯಿಸಿದರೆ ಚೆಂದ. ಸೆಕೆಗಾಲದಲ್ಲಿ ಒಲೆ ಕೆಲಸವನ್ನು ಬೆಳಗ್ಗೆಯೇ ಮುಗಿಸಿ. ಆದರೆ ಬೇಯಿಸಿದ್ದನ್ನು ಹೊರಗಿಡಬೇಡಿ. ಸಾಮಾನ್ಯವಾಗಿ ಎರಡು ಗಂಟೆಯೊಳಗೆ, 32 ಡಿಗ್ರಿ ದಾಟಿದ ದಿನ ಒಂದೇ ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು.

ಮಳೆಗಾಲದಲ್ಲಿ ಕಾಳು, ಹಿಟ್ಟು, ಕಡಲೆಕಾಯಿ ಬೀಜವನ್ನು ಗಾಳಿಯಾಡದ ಡಬ್ಬದಲ್ಲಿ ಸ್ವಲ್ಪ ಸ್ವಲ್ಪವೇ ಇಡಿ. ಬೂಸ್ಟು ಹಿಡಿದರೆ ಎಸೆಯಿರಿ. ಕೆಲವು ಬೂಸ್ಟುಗಳು ಬಿಡುವ ಅಫ್ಲಟಾಕ್ಸಿನ್ ಎಂಬ ವಿಷ ಮಾಮೂಲಿ ಅಡುಗೆಯ ಬಿಸಿಗೆ ಪೂರ್ತಿ ಹೋಗುವುದಿಲ್ಲ.

5. ನೀರು

ಬೇಸಿಗೆಯಲ್ಲಿ ಯಾರೂ ನೆನಪಿಸಬೇಕಿಲ್ಲ. ಸೌತೆಕಾಯಿಯಲ್ಲಿ ಶೇ 95ರಷ್ಟು, ಕಲ್ಲಂಗಡಿಯಲ್ಲಿ ಶೇ 92ರಷ್ಟು ನೀರೇ ಇದೆ. ಮೋಸ ಆಗುವುದು ಚಳಿಯಲ್ಲಿ. ಬಾಯಾರಿಕೆ ಕಡಿಮೆ, ಮೂತ್ರ ಮಾತ್ರ ಜಾಸ್ತಿ. ಮೂತ್ರದ ಬಣ್ಣ ಗಾಢ ಹಳದಿ ಆಗಿದ್ದರೆ ನೀರು ಸಾಲುತ್ತಿಲ್ಲ. ತಣ್ಣಗಿನ ನೀರು ಬೇಡ ಅನ್ನಿಸಿದರೆ ಬೆಚ್ಚಗಿನದು ಕುಡಿಯಿರಿ, ಸೂಪೂ ಲೆಕ್ಕಕ್ಕೆ ಬರುತ್ತದೆ.

6. ಸೆಕೆಗೆ ಮೈ ಒಗ್ಗಿಸಿಕೊಳ್ಳಿ

ಅವಸರ ಮಾಡಬಾರದ ಜಾಗ ಇದು. ದೇಹ ಸೆಕೆಗೆ ಹೊಂದಿಕೊಳ್ಳಲು 7ರಿಂದ 14 ದಿನ ಬೇಕು. ಆ ದಿನಗಳಲ್ಲಿ ಬೆವರು ಬೇಗ ಬರಲು ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಬಿಸಿಲಲ್ಲಿ ಹೊಸದಾಗಿ ದುಡಿಯುವವರಿಗೆ ಇರುವ ಸಲಹೆ ನಮಗೂ ಸಲ್ಲುತ್ತದೆ: ಮೊದಲ ದಿನ ಪೂರ್ತಿ ಕೆಲಸದ ಶೇ 20ರಷ್ಟು ಮಾತ್ರ, ಆಮೇಲೆ ದಿನಕ್ಕೆ ಶೇ 20ರಷ್ಟು ಜಾಸ್ತಿ. ಓಡುವವರೂ ಹೀಗೇ ಮಾಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಇನ್ನೂ ಕಡಿಮೆ ಮಾಡಿ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು, ಸುಮ್ನೆ ಸುರಿದರೆ ಪ್ರಯೋಜನ ಇಲ್ಲ. ತಲೆ ಸುತ್ತಿದರೆ ನಿಲ್ಲಿಸಿ, ನೆರಳಿಗೆ ಹೋಗಿ. ಮಾತು ತೊದಲಿದರೆ, ಗೊಂದಲವಾದರೆ ಮೈಗೆ ನೀರು ಹಾಕುತ್ತಲೇ ಆಂಬುಲೆನ್ಸ್ ಕರೆಸಿ.

ರಕ್ತದೊತ್ತಡದ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಸೆಕೆ ಶುರುವಾಗುವ ಮೊದಲೇ ವೈದ್ಯರನ್ನು ಒಮ್ಮೆ ಕಾಣುವುದು ಒಳ್ಳೆಯದು. ಡೋಸ್ ಬದಲಿಸಬೇಕಾಗಬಹುದು. ನೀವಾಗಿಯೇ ನಿಲ್ಲಿಸಬೇಡಿ. ದಿನಕ್ಕೆ ಎಷ್ಟು ನೀರು ಕುಡಿಯಬಹುದು ಅಂತ ಹೃದಯ, ಕಿಡ್ನಿ ತೊಂದರೆ ಇರುವವರು ಆಗಲೇ ಕೇಳಿಕೊಳ್ಳಿ.