ಒಂದು ಲೋಟ ನೀರಿನಲ್ಲಿ 4.2 ತೆಗೆದ ಕತೆ

ನೀರಿನ ವಿಶಿಷ್ಟೋಷ್ಣವನ್ನು, ಅಂದರೆ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖವನ್ನು (ಸುಮಾರು 4.2 ಜೂಲ್), ಮನೆಯಲ್ಲೇ ಕರೆಂಟ್ ಹಾಯಿಸಿ ಅಳೆಯುತ್ತೇನೆ ಅಂದಾಗ ಪ್ರಯೋಗಾಲಯದಲ್ಲಿ ಪಳಗಿದ ಗೆಳೆಯರು ನಂಬಲಿಲ್ಲ. "ನೂರಕ್ಕೆ ಹತ್ತು ತಪ್ಪು ಬಂದರೂ ಪುಣ್ಯ" ಅಂದರು. ಈಗ ಆರು ಸಲ ಮಾಡಿದರೆ ಆರು ಸಲವೂ 4.2ರ ಆಸುಪಾಸು ಬರುತ್ತಿದೆ.

28 ಗೇಜಿನ ನಿಕ್ರೋಮ್ (ನಿಕ್ಕಲ್-ಕ್ರೋಮಿಯಂ ಮಿಶ್ರಲೋಹ) ತಂತಿ ಅರವತ್ತು ಸೆಂ.ಮೀ., ಸುರುಳಿ ಸುತ್ತಿ ನೀರಿನಲ್ಲಿ ಮುಳುಗಿಸಿದ್ದು, ರೋಧ ಅಂದಾಜು 6 ಓಮ್. 12 ವೋಲ್ಟ್ ಸಪ್ಲೈ, 200 ಗ್ರಾಂ ನೀರು. ವೋಲ್ಟ್, ಆಂಪಿಯರ್, ಸೆಕೆಂಡುಗಳನ್ನು ಗುಣಿಸಿದರೆ ಕೊಟ್ಟ ಶಾಖ. ಅದನ್ನು ನೀರಿನ ಗ್ರಾಂನಿಂದಲೂ ಏರಿದ ಡಿಗ್ರಿಯಿಂದಲೂ ಭಾಗಿಸಿದರೆ ಉತ್ತರ.

ಮೊದಲು ಸ್ಟೀಲ್ ಲೋಟದಲ್ಲಿ ಮಾಡಿ ಕೆಟ್ಟೆ. 5.1 ಬಂತು. ಲೋಟವೂ ಬಿಸಿ ಕುಡಿಯುತ್ತದೆ, ಹೊರಗೂ ಬಿಡುತ್ತದೆ. ಥರ್ಮೋಕೋಲ್ ಲೋಟ ಒಂದರೊಳಗೊಂದು ಇಟ್ಟೆ, 4.7ಕ್ಕೆ ಇಳಿಯಿತು. ಅಲ್ಲೇ ವಾರಗಟ್ಟಲೆ ನಿಂತುಬಿಟ್ಟೆ. ಅದರ ನಡುವೆ ಅವಸರದಲ್ಲಿ ಕರೆಂಟ್ ಅಳೆಯುವ ಆಮೀಟರನ್ನು ಸಪ್ಲೈಗೆ ನೇರ ಅಡ್ಡ ಹಾಕಿ ಎರಡು ಸಲ ಫ್ಯೂಸ್ ಸುಟ್ಟೆ, ಮೂರನೇ ಸಲ ಮೀಟರೇ ಹೋಯಿತು. ಒಟ್ಟು ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಇಂಥದಕ್ಕೇ ಆಯಿತು.

ದಾರಿ ತೋರಿದ್ದು ಕೋಣೆಯ ತಾಪ. ಕೋಣೆ 27 ಡಿಗ್ರಿ ಇದ್ದರೆ ನೀರನ್ನು 22ಕ್ಕೆ ತಣಿಸಿ ಶುರು ಮಾಡಿ 32ಕ್ಕೆ ನಿಲ್ಲಿಸಿದೆ. ಮೊದಲರ್ಧದಲ್ಲಿ ಹೊರಗಿನಿಂದ ಒಳಬಂದ ಶಾಖ, ಕೊನೆಯರ್ಧದಲ್ಲಿ ಹೊರಹೋದದ್ದು, ಎರಡೂ ಸರಿಸುಮಾರು ಜಮಾಖರ್ಚು. 4.4 ಬಂತು.

ಉಳಿದ ತಪ್ಪು ವೋಲ್ಟ್‌ಮೀಟರಿನದು. ಸಪ್ಲೈ ತುದಿಯಲ್ಲಿ 12.0 ಓದುತ್ತಿದ್ದೆ. ಅದೇ ಮುಳ್ಳುಗಳನ್ನು ಸುರುಳಿಯ ಎರಡು ತುದಿಗೇ ಒತ್ತಿ ನೋಡಿದರೆ 11.4! 1.9 ಆಂಪಿಯರ್ ಹರಿಯುವಾಗ ತೆಳ್ಳನೆಯ ವೈರು, ಸಡಿಲ ಕ್ಲಿಪ್ಪು ಸೇರಿ ಅರ್ಧ ವೋಲ್ಟಿಗೂ ಮಿಕ್ಕಿ ನುಂಗುತ್ತಿದ್ದವು. ಆ ಶಾಖ ನೀರಿಗೆ ಸೇರಿಯೇ ಇಲ್ಲ, ಆದರೆ ನನ್ನ ಲೆಕ್ಕದಲ್ಲಿತ್ತು. ಅಂದು ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಕಲಕುವುದನ್ನು ಮರೆಯಬೇಡಿ. ಒಮ್ಮೆ ಗಾಜಿನ ಲೋಟದಲ್ಲಿ ಕಲಕದೆ ಬಿಟ್ಟು ಹಿಂದಿನಿಂದ ಟಾರ್ಚ್ ಹಿಡಿದೆ. ಸುರುಳಿಯ ಮೇಲಿಂದ ಬಿಸಿನೀರು ಎಳೆಎಳೆಯಾಗಿ, ನಡುಗುತ್ತಾ ಏರುತ್ತಿತ್ತು. ತಳದಲ್ಲಿದ್ದ ಥರ್ಮಾಮೀಟರಿಗೆ ಅದರ ಸುದ್ದಿಯೇ ಇಲ್ಲ. ನಾನು ಕಲಕುವ ಕಡ್ಡಿಯನ್ನು ಹೇಗೆ ಬಗ್ಗಿಸಿದ್ದೇನೆ ಅನ್ನುವುದನ್ನು ಮಾತ್ರ ಈಗಲೇ ಹೇಳುವುದಿಲ್ಲ, ಅದಕ್ಕೆ ತಿಂಗಳು ಸವೆಸಿದ್ದೇನೆ.

ಇದೇ ಸಾಮಾನಿನಲ್ಲಿ ಗ್ಲಿಸರಿನ್ ಕಾಯಿಸಿದೆ. 2.4ರ ಹತ್ತಿರ ಬಂತು, ಆದರೆ ಅಂಟುದ್ರವ ಕಲಕಿ ಕೈ ಸೋತಿತು. ಸುರುಳಿಯ ಬದಲು 12 ವೋಲ್ಟಿನ ವಾಹನದ ಬಲ್ಬ್ ಹಾಕಿದಾಗ ಸಪ್ಲೈ ಪದೇಪದೇ ಕೈಕೊಟ್ಟಿತು. ಅಳೆದರೆ ಆ ಬಲ್ಬು ಉರಿಯುವಾಗ 7 ಓಮ್, ತಣ್ಣಗಿದ್ದಾಗ ಬರೀ ಅರ್ಧ ಓಮ್. ಅದಕ್ಕೇ ಹಚ್ಚಿದ ಕೂಡಲೇ ಸಪ್ಲೈ ತಾಳದಷ್ಟು ಕರೆಂಟ್ ಎಳೆಯುತ್ತಿತ್ತು. ನಿಕ್ರೋಮ್ ಇಂಥ ಆಟ ಆಡುವುದಿಲ್ಲ, ಬಿಸಿಯಾದರೂ ಅದರ ರೋಧ ಹೆಚ್ಚು ಕದಲದು.

ಕೊನೆಗೆ ಅದೇ ಗೆಳೆಯರಲ್ಲೊಬ್ಬರನ್ನು ಕೂರಿಸಿ ಗಡಿಯಾರ ಅವರ ಕೈಗೇ ಕೊಟ್ಟೆ. ಹತ್ತು ಡಿಗ್ರಿ ಏರಲು ಆರೂವರೆ ನಿಮಿಷಕ್ಕೆ ತುಸು ಕಮ್ಮಿ. ಲೆಕ್ಕವನ್ನೂ ಅವರೇ ಹಾಕಿದರು, ಎರಡು ಸಲ. ಆಮೇಲೆ ನಿಕ್ರೋಮ್ ತಂತಿ ಇನ್ನೂ ಉಳಿದಿದೆಯಾ ಅಂತ ಕೇಳಿದರು.