ಅವ್ವನ ಕೌದಿ, ಹೊಲದಲ್ಲಿ ಡೊಳ್ಳು, ಒಂದು ಹಾಳೆ

ಮೊದಲ ಸಲ ಹಾಡು ರೆಕಾರ್ಡ್ ಮಾಡಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ಗಾಯಕಿಯ ದನಿ ಬಾವಿಯೊಳಗಿಂದ ಬಂದಂತಿತ್ತು. ಹುಬ್ಬಳ್ಳಿಯ ನಮ್ಮ ಮನೆಯ ಮಾಳಿಗೆ ಮೇಲಿನ ಕೋಣೆಯೇ ನನ್ನ ರೆಕಾರ್ಡಿಂಗ್ ಜಾಗ. ನಾಲ್ಕೂ ಕಡೆ ಬರಿ ಗೋಡೆ. ಇನ್ನೂ ಒಳ್ಳೆ ಮೈಕ್ ತರಬೇಕು ಅಂತ ದುಡ್ಡು ಕೂಡಿಸುತ್ತಿದ್ದೆ. ಅಷ್ಟರಲ್ಲಿ ಅವ್ವ ಹೊಲಿದ ನಾಲ್ಕು ಕೌದಿಗಳನ್ನು ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗಕ್ಕೆ ಇಳಿಬಿಟ್ಟು ನೋಡಿದೆ. ಅದೇ ಮೈಕ್, ಅದೇ ಹಾಡು. ದನಿ ಕಿವಿ ಪಕ್ಕಕ್ಕೇ ಬಂತು.

ಡೊಳ್ಳಿಗೆ ಮಾತ್ರ ಕೌದಿ ಸಾಲಲಿಲ್ಲ. ಅದರ ದಪ್ಪ ಸದ್ದು ಸಣ್ಣ ಕೋಣೆಯಲ್ಲಿ ಗುಂಯ್ ಅಂತ ಸುತ್ತುತ್ತಲೇ ಇರುತ್ತದೆ. ಹಾಗಾಗಿ ಲ್ಯಾಪ್‌ಟಾಪ್, ಎರಡು ಮೈಕ್ ಹೊತ್ತುಕೊಂಡು ನಸುಕಿನಲ್ಲೇ ಹೊಲಕ್ಕೆ ಹೋದೆವು, ಗಾಳಿ ಏಳುವ ಮೊದಲೇ ಮುಗಿಸೋಣ ಅಂತ. ಕೋಲಿನ ಕಡೆ ಒಂದು ಮೈಕ್, ಕೈ ಕಡೆ ಒಂದು. ಮನೆಗೆ ಬಂದು ಎರಡನ್ನೂ ಕೂಡಿಸಿದರೆ ಡೊಳ್ಳಿಗೆ ಜೀವವೇ ಇಲ್ಲ! ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಕೋಲು ಬಿದ್ದಾಗ ಈ ಕಡೆಯ ಚರ್ಮ ಒಳಕ್ಕೆ ಹೋಗುತ್ತದೆ, ಆ ಕಡೆಯದು ಹೊರಕ್ಕೆ ಉಬ್ಬುತ್ತದೆ. ಎರಡು ಅಲೆ ಒಂದನ್ನೊಂದು ಅಳಿಸಿಬಿಡುತ್ತವೆ. ಒಂದು ಟ್ರ್ಯಾಕ್‌ನ ಪೊಲಾರಿಟಿ ತಿರುಗಿಸಿದೆ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿದೆ. ಎದೆಗೆ ಬಡಿಯುವ ಡೊಳ್ಳು ವಾಪಸ್ ಬಂತು. ಅದನ್ನು ಕೇಳಿಯೇ ಇನ್ನೆರಡು ಜಾನಪದ ತಂಡದವರು ಫೋನ್ ಮಾಡಿದರು.

ನನ್ನ ಸ್ವಂತ ಹಾಡುಗಳೇ ಮನೆ ನಡೆಸುತ್ತವೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು 12 ತಿಂಗಳಲ್ಲಿ 1,000 ಸಲವಾದರೂ ಓಡದಿದ್ದರೆ ಅದಕ್ಕೆ ದುಡ್ಡೇ ಇಲ್ಲ. ಮನೆ ನಡೆಸಿದ್ದು ಬೇರೆಯವರ ಕೆಲಸ: ಜಾನಪದ ಹಾಡು, ಕಿರುಚಿತ್ರದ ಹಿನ್ನೆಲೆ ಸಂಗೀತ, ಮದುವೆ ವಿಡಿಯೋಗೆ ಟ್ಯೂನ್, ಭಜನಾ ಮಂಡಳಿಯ ಪದಗಳು. ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸವನ್ನು ನಾನು ಸುಮ್ನೆ ಬಿಡಲಿಲ್ಲ. ಹನ್ನೊಂದು ತಿಂಗಳು ಬಿಡದೆ ಸಂಬಳದಷ್ಟು ದುಡ್ಡು ಸಂಗೀತದಿಂದ ಬಂದ ಮೇಲೇ ಬಿಟ್ಟೆ.

ಒಬ್ಬರಿಗೆ ನಂಬಿಕೆಯ ಮೇಲೆ ಪೂರ್ತಿ ಹಾಡು ಕೊಟ್ಟು ಆರು ತಿಂಗಳು ಅಲೆದೆ. ದುಡ್ಡು ಬರಲಿಲ್ಲ. ಹಾಡು ಬಿಡುಗಡೆಯಾಯಿತು, ನನ್ನ ಹೆಸರೂ ಇರಲಿಲ್ಲ. ತುಂಬಾ ಸಂಕಟವಾಯಿತು. ಈಗ ಅರ್ಧ ಮುಂಗಡ ಬಂದ ಮೇಲೇ ಕೆಲಸ ಶುರು. ಕೇಳಿ ನೋಡಲು ಕಳಿಸುವ ಎಂಪಿ3ಯಲ್ಲಿ ನಡುನಡುವೆ ಬೀಪ್ ಇರುತ್ತದೆ. ಪೂರ್ತಿ ಗುಣಮಟ್ಟದ ವೇವ್ ಫೈಲ್, ಒಂದೊಂದು ವಾದ್ಯ, ದನಿಯ ಬಿಡಿ ಟ್ರ್ಯಾಕ್‌ಗಳು ಪೂರ್ತಿ ದುಡ್ಡು ಸಂದಾಯವಾದ ಮೇಲೆ.

ಅದಕ್ಕಿಂತ ಜಾಸ್ತಿ ಮುಖ್ಯವಾದದ್ದು ರೆಕಾರ್ಡಿಂಗ್‌ಗೆ ಮೊದಲು ಬರೆಯುವ ಒಂದು ಹಾಳೆ. ಸಾಹಿತ್ಯ ಯಾರದು, ರಾಗ ಯಾರದು, ಯಾರಿಗೆ ಎಷ್ಟು ಪಾಲು, ಎಲ್ಲರ ಸಹಿ. ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿ ಹಕ್ಕನ್ನು 2012ರ ಕಾಪಿರೈಟ್ ಕಾಯ್ದೆ ತಿದ್ದುಪಡಿ ಗಟ್ಟಿ ಮಾಡಿದೆ. ಅದನ್ನು ವಸೂಲಿ ಮಾಡಿಕೊಡಲು ಐಪಿಆರ್‌ಎಸ್ ಅನ್ನುವ ಸಂಸ್ಥೆ ಇದೆ. ಆದರೆ ಹಾಡು ಯಾರದೆಂದು ಸರಿಯಾಗಿ ನೋಂದಾಯಿಸದಿದ್ದರೆ ಅವರು ತಾನೇ ಯಾರಿಗೆ ಕೊಡಬೇಕು, ಅಲ್ವಾ?

ಹೋದ ತಿಂಗಳು ತಾವೇ ಕಟ್ಟಿದ ಪದಗಳನ್ನು ಹಾಡಲು ಒಬ್ಬ ಅಜ್ಜ ಬಂದಿದ್ದರು. ಹಾಳೆ ಮುಂದಿಟ್ಟೆ.

“ತಮ್ಮಾ, ಪದ ಹಾಡಾಕ ಹಾಳಿ ಯಾಕಪಾ?”

ಓದಿ ಹೇಳಿದೆ. ಸಾಹಿತ್ಯ ಅನ್ನುವ ಸಾಲಿನ ಮುಂದೆ ಅವರ ಹೆಸರು ಬಂದಾಗ ಕೈ ಎತ್ತಿ ನಿಲ್ಲಿಸಿದರು.

“ಅದೊಂದು ಸಾಲು ಇನ್ನೊಮ್ಮಿ ಓದು.”

ಓದಿದೆ. ಆಮೇಲೆ ಕೌದಿಗಳ ನಡುವೆ ಕೂತು ಏಕತಾರಿ ಶ್ರುತಿ ಮಾಡಿಕೊಂಡರು.